ಇಟ್ಟಿಗೆಗಳ ನಡುವಣ ಗಾರೆ

ಇಟ್ಟಿಗೆಯ ಗೋಡೆಯನ್ನು ನೋಡುವಾಗ ನಮ್ಮ ದೃಷ್ಟಿ ಇಟ್ಟಿಗೆಗಳ ಮೇಲೆ ನಿಲ್ಲುತ್ತದೆಯೇ ಹೊರತು ಅವುಗಳ ನಡುವಣ ಸಂದಿನ ಮೇಲಲ್ಲ. ಆ ಸಂದಿನಲ್ಲಿ ಬೆರಳಗಲದ ಗೆರೆಯಾಗಿ ಓಡುವ ಗಾರೆಗೆ ಅಂದವೂ ಇಲ್ಲ, ಅಲಂಕಾರವೂ ಇಲ್ಲ. ಆದರೂ ಗೋಡೆಯ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಗೆರೆಯೇ. ಇಟ್ಟಿಗೆಯನ್ನು ಇಟ್ಟಿಗೆಗೆ ಹಿಡಿದಿಡುವುದು ಅದು. ಮೇಲಿನ ಭಾರವನ್ನು ಸಮನಾಗಿ ಕೆಳಕ್ಕೆ ಹಂಚುವುದು ಅದು. ಮಳೆಗಾಲದಲ್ಲಿ ಗೋಡೆ ಕುಡಿದ ನೀರನ್ನು ಬಿಸಿಲು ಬಂದಾಗ ಹೊರಕ್ಕೆ ಬಿಡುವುದೂ ಅದೇ.

ಇದು ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ನೀವು ಪುಟ ತಿರುವಬಾರದು. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಹಿರಿಯರು ಸುಣ್ಣದ ಗಾರೆಯಲ್ಲಿ ಕಟ್ಟಿಸಿದ ದೇವಾಲಯಗಳೂ ಗುರುನಿವಾಸಗಳೂ ಶಾಲೆಗಳೂ ಇನ್ನೂ ನಿಂತಿವೆ. ಶತಮಾನೋತ್ಸವವೋ ವಾರ್ಷಿಕ ಹಬ್ಬವೋ ಸಮೀಪಿಸಿದಾಗ ‘ಗೋಡೆ ಉದುರುತ್ತಿದೆ, ಸಿಮೆಂಟು ಹಾಕಿಸೋಣ’ ಎಂಬ ಮಾತು ಹುಟ್ಟುತ್ತದೆ. ಸದುದ್ದೇಶದ ಮಾತೇ ಅದು. ಆದರೆ ಹಳೆಯ ಗೋಡೆಗಳಿಗೆ ಮಳೆಗಾಳಿಗಳಷ್ಟೇ ಹಾನಿಯನ್ನು ಇಂಥ ಸದುದ್ದೇಶದ ರಿಪೇರಿಯೂ ಮಾಡಿದೆಯೆಂಬುದನ್ನು ಚರಿತ್ರೆ ತೋರಿಸುತ್ತದೆ. ಅದನ್ನು ಅರಿಯಲು ಇಟ್ಟಿಗೆ, ಸುಣ್ಣ, ಉಪ್ಪುನೀರು ಮೂರೂ ಕೂಡಿರುವ ವೆನಿಸ್ ನಗರದತ್ತ ನಿಮ್ಮನ್ನು ಕರೆದೊಯ್ಯಬೇಕಾಗಿದೆ. ಅದಕ್ಕೂ ಮೊದಲು ಗಾರೆಯ ಕಥೆಯನ್ನು ಸ್ವಲ್ಪ ತಿಳಿಯೋಣ.

ಕಲ್ಲು ಸುಣ್ಣವಾಗಿ, ಸುಣ್ಣ ಕಲ್ಲಾಗಿ

ಆದಿಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿ ಬಾಬೆಲಿನ ಗೋಪುರವನ್ನು ಕಟ್ಟಿದವರು ಕಲ್ಲಿಗೆ ಬದಲಾಗಿ ಸುಟ್ಟ ಇಟ್ಟಿಗೆಯನ್ನೂ ಗಾರೆಗೆ ಬದಲಾಗಿ ಕಲ್ಲರಗನ್ನೂ ಬಳಸಿದರೆಂಬ ವಿವರ ಬರುತ್ತದೆ. ಆ ನಾಡಿನ ಉತ್ಖನನಗಳಲ್ಲಿ ಅಂಥ ಗೋಡೆಗಳು ನಿಜವಾಗಿಯೂ ದೊರೆತಿವೆ. ಕಲ್ಲರಗು ಸಿಗದ ನಾಡುಗಳಲ್ಲಿ ಜನರು ಸುಣ್ಣವನ್ನು ಆಶ್ರಯಿಸಿದರು.

ಸುಣ್ಣದ ಕಥೆ ಒಂದು ಸುತ್ತು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ಶುದ್ಧವಾದ 100 ಕಿಲೋ ಕಲ್ಲಿನಿಂದ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು ಬೆರೆಸಿ ಅರೆದರೆ ಗಾರೆ. ಗೋಡೆಯಲ್ಲಿ ಕುಳಿತ ಗಾರೆ ತಾನು ಕಳೆದುಕೊಂಡ ಇಂಗಾಲದ ಡೈ ಆಕ್ಸೈಡನ್ನು ಗಾಳಿಯಿಂದ ನಿಧಾನವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಈ ಕೆಲಸ ಹೊರಮೈಯಿಂದ ಒಳಕ್ಕೆ ಸಾಗುತ್ತದೆ. ದಪ್ಪ ಗೋಡೆಯಲ್ಲಿ ಅದಕ್ಕೆ ವರ್ಷಗಳೇ ಬೇಕು.

ರೋಮನರು ಇದಕ್ಕೊಂದು ಗುಟ್ಟನ್ನು ಸೇರಿಸಿದರು. ನೇಪಲ್ಸ್ ಬಳಿಯ ಪೊಝುವೋಲಿಯಲ್ಲಿ ಸಿಗುವ ಜ್ವಾಲಾಮುಖಿಯ ಬೂದಿಯನ್ನು ಬೆರೆಸಿದ ಸುಣ್ಣ ನೀರಿನಡಿಯಲ್ಲಿಯೂ ಗಟ್ಟಿಯಾಗುತ್ತದೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ಇದನ್ನು ವಿವರಿಸಿದ್ದಾನೆ; ನದಿಯ ಮರಳಿಗೆ ಮೂರನೆಯ ಒಂದು ಪಾಲು ಇಟ್ಟಿಗೆಯ ಪುಡಿ ಸೇರಿಸಿದರೆ ಗಾರೆ ಉತ್ತಮವಾಗುತ್ತದೆಂದೂ ಹೇಳಿದ್ದಾನೆ. ಆ ಇಟ್ಟಿಗೆ ಪುಡಿಯ ಗಾರೆ ನಮಗೆ ಹೊಸದಲ್ಲ. ಅದೇ ನಮ್ಮ ಸುರ್ಕಿ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆಯೇ. ನಮ್ಮ ಹಿರಿಯರು ಎತ್ತಿನ ಗಾಣದಲ್ಲಿ ಗಾರೆ ಅರೆಸಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸಿದರು. ಕರಾವಳಿಯವರು ಕಡಲ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡಿದರು.

ಸುಣ್ಣದ ಗಾರೆಗೆ ಇನ್ನೊಂದು ಗುಣವಿದೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮಳೆನೀರು ಸ್ವಲ್ಪ ಸುಣ್ಣವನ್ನು ಕರಗಿಸಿ ಆ ಬಿರುಕಿನಲ್ಲಿಯೇ ಮತ್ತೆ ಕೂರಿಸುತ್ತದೆ. ಗಾಯ ತಾನಾಗಿ ಮಾಯುತ್ತದೆ. ರೋಮ್ ಬಳಿಯ ಪ್ರಿವೆರ್ನಮ್ ಎಂಬ ಪ್ರಾಚೀನ ನಗರದ ಗಾರೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದರಲ್ಲಿ ಕಾಣುವ ಬಿಳಿಯ ಸುಣ್ಣದ ಗಂಟುಗಳು ಕಳಪೆ ಕೆಲಸದ ಗುರುತಲ್ಲ, ಬಿರುಕು ಮುಚ್ಚುವ ಸುಣ್ಣದ ದಾಸ್ತಾನು ಎಂದು 2023ರಲ್ಲಿ ತೋರಿಸಿದರು. ಅದೇ ರೀತಿಯಲ್ಲಿ ತಯಾರಿಸಿ ಬೇಕೆಂದೇ ಸೀಳಿದ ಮಾದರಿಗಳಲ್ಲಿ ನೀರು ಹರಿಸಿದಾಗ ಎರಡು ವಾರಗಳೊಳಗೆ ಬಿರುಕುಗಳು ಮುಚ್ಚಿಹೋದವು.

ಆದರೆ ಈ ಗಾರೆ ಅವಸರವನ್ನು ಸಹಿಸುವುದಿಲ್ಲ. ಕಾನ್‌ಸ್ಟಾಂಟಿನೋಪಲಿನ ಹೇಗಿಯಾ ಸೋಫಿಯಾ ದೇವಾಲಯವನ್ನು 532ರಿಂದ 537ರ ವರೆಗಿನ ಕೇವಲ ಐದು ವರ್ಷಗಳಲ್ಲಿ ಎಬ್ಬಿಸಲಾಯಿತು. ಅದರ ಗಾರೆಯ ಸಂದುಗಳು ಇಟ್ಟಿಗೆಗಳಷ್ಟೇ ದಪ್ಪ. ಅವು ಗಟ್ಟಿಯಾಗುವ ಮೊದಲೇ ಭಾರ ಮೇಲೇರಿ ಗೋಡೆಗಳು ಹೊರಕ್ಕೆ ಬಾಗಿದವು. ಭೂಕಂಪಗಳ ಬಳಿಕ 558ರಲ್ಲಿ ಗುಮ್ಮಟದ ಒಂದು ಭಾಗ ಕುಸಿಯಿತು.

ಗಂಟೆಗೋಪುರದ ಪತನ

ಈಗ ವೆನಿಸಿಗೆ ಬನ್ನಿ. ಶುಭಸಂದೇಶಕಾರ ಸಂತ ಮಾರ್ಕನ ಮಹಾದೇವಾಲಯದ ಮುಂದಿನ ಚೌಕದಲ್ಲಿ ಸುಮಾರು 98 ಮೀಟರ್ ಎತ್ತರದ ಇಟ್ಟಿಗೆಯ ಗಂಟೆಗೋಪುರವೊಂದಿದೆ. ಹತ್ತನೆಯ ಶತಮಾನದಲ್ಲಿ ಆರಂಭವಾದ ಅದರ ಕೆಲಸ ಇಂದಿನ ರೂಪಕ್ಕೆ ಬಂದದ್ದು ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ. ಗೆಲಿಲಿಯೋ 1609ರಲ್ಲಿ ತನ್ನ ದೂರದರ್ಶಕವನ್ನು ನಗರದ ಹಿರಿಯರಿಗೆ ತೋರಿಸಿದ್ದು ಅದರ ಮೇಲಿನಿಂದಲೇ. ಸಿಡಿಲು ಅದನ್ನು ಹಲವು ಬಾರಿ ಹೊಡೆದಿತ್ತು. 1745ರ ಸಿಡಿಲಿನ ಹೊಡೆತವಂತೂ ಗೋಡೆಯನ್ನೇ ಸೀಳಿತ್ತು. 1776ರಲ್ಲಿ ಸಿಡಿಲುತಡೆಯ ಕಂಬಿ ಬಂದಿತು. ಪ್ರತಿ ಬಾರಿಯೂ ಸೀಳನ್ನು ಮುಚ್ಚಿ, ಹೊರಮೈಯನ್ನು ಸರಿಪಡಿಸಿ, ಜನ ಮುಂದೆ ಸಾಗಿದರು. ಹೊರಗಿನಿಂದ ನೋಡಿದವರಿಗೆ ಗೋಪುರ ಅಚಲವಾಗಿತ್ತು.

1902ರ ಜುಲೈ ತಿಂಗಳ ಮೊದಲಲ್ಲಿ, ಗೋಪುರದ ಬುಡಕ್ಕೆ ಆತುಕೊಂಡಿದ್ದ ಲೊಜೆತ್ತಾ ಎಂಬ ಚಿಕ್ಕ ಕಟ್ಟಡದ ಮಾಡನ್ನು ರಿಪೇರಿ ಮಾಡಲು ಕೆಲಸಗಾರರು ಗೋಪುರದ ಗೋಡೆಗೆ ಸೇರಿದ್ದ ಕಲ್ಲಿನ ಅಂಚನ್ನು ಕಿತ್ತರು. ಅದಕ್ಕಾಗಿ ಗೋಡೆಯಲ್ಲಿ ಅಡ್ಡಲಾಗಿ ಗಾಡಿ ಕೊರೆಯಬೇಕಾಯಿತು. ಕೆಲವೇ ದಿನಗಳಲ್ಲಿ ಗೋಡೆಯ ಮೇಲೆ ಬಿರುಕು ಕಂಡಿತು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಅಂಟಿಸಿ ನೋಡಿದರು, ಅವೂ ಒಡೆದವು. ಜುಲೈ 14ರ ಸೋಮವಾರ ಬೆಳಿಗ್ಗೆ ಚೌಕದಿಂದ ಜನರನ್ನು ಹೊರಗೆ ಕಳುಹಿಸಲಾಯಿತು. ಹತ್ತು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಗೋಪುರ ತನ್ನೊಳಗೆ ತಾನೇ ಕುಸಿದು ಇಟ್ಟಿಗೆ ಮತ್ತು ಸುಣ್ಣದ ಧೂಳಿನ ಗುಡ್ಡವಾಯಿತು. ಸತ್ತದ್ದು ಕಾವಲುಗಾರನ ಬೆಕ್ಕು ಒಂದೇ. ಮಹಾದೇವಾಲಯ ಉಳಿಯಿತು. ಐದು ಗಂಟೆಗಳಲ್ಲಿ ‘ಮರಂಗೋನಾ’ ಎಂಬ ದೊಡ್ಡ ಗಂಟೆ ಮಾತ್ರ ಒಡೆಯದೆ ಉಳಿಯಿತು. ಬಡಗಿಗಳಿಗೆ ಕೆಲಸದ ಹೊತ್ತನ್ನು ಸಾರುತ್ತಿದ್ದ ಗಂಟೆಯಾದ್ದರಿಂದ ಅದಕ್ಕೆ ಆ ಹೆಸರು.

ಕಟ್ಟಡ ಬಿದ್ದಾಗ ತಳಪಾಯವನ್ನು ದೂರುವುದು ರೂಢಿ. ಇಲ್ಲಿ ತಳಪಾಯ ಗಟ್ಟಿಯಾಗಿಯೇ ಇತ್ತು. ಮುಂದೆ ಅದನ್ನು ವಿಸ್ತರಿಸಿ ಅದರ ಮೇಲೆಯೇ ಹೊಸ ಗೋಪುರವನ್ನು ಕಟ್ಟಲಾಯಿತು. ದುರ್ಬಲವಾಗಿದ್ದದ್ದು ಗೋಡೆಯ ಒಡಲು. ಶತಮಾನಗಳ ಸಿಡಿಲು, ಮಳೆ, ಉಪ್ಪುಗಾಳಿಗಳಿಂದ ಒಳಗಿನ ಕಟ್ಟಡ ಸಡಿಲಗೊಂಡಿತ್ತು. ಹೊರಗಿನ ರಿಪೇರಿ ಅದನ್ನು ಕಣ್ಣಿಗೆ ಕಾಣದಂತೆ ಮುಚ್ಚಿತ್ತು.

ಅದೇ ದಿನ ಸಂಜೆ ಸೇರಿದ ನಗರಸಭೆ, ಇದ್ದಲ್ಲಿಯೇ ಇದ್ದಂತೆಯೇ ಗೋಪುರವನ್ನು ಮತ್ತೆ ಕಟ್ಟಬೇಕೆಂದು ತೀರ್ಮಾನಿಸಿತು. 1903ರ ಏಪ್ರಿಲ್ 25ರಂದು, ಸಂತ ಮಾರ್ಕನ ಹಬ್ಬದ ದಿನ, ಕೆಲಸಕ್ಕೆ ನಾಂದಿಯಾಯಿತು. ಅಂದು ವೆನಿಸಿನ ಪೇಟ್ರಿಯಾರ್ಕ್ ಆಗಿದ್ದವರು ಕಾರ್ಡಿನಲ್ ಜುಸೆಪ್ಪೆ ಸಾರ್ತೊ. ಅದೇ ವರ್ಷ ಆಗಸ್ಟಿನಲ್ಲಿ ಅವರು ಹತ್ತನೆಯ ಪಯಸ್ ಎಂಬ ಹೆಸರಿನಲ್ಲಿ ಪೋಪರಾದರು. ಒಡೆದುಹೋದ ಗಂಟೆಗಳ ಬದಲಿಗೆ ಹೊಸ ಗಂಟೆಗಳನ್ನು ಕಾಣಿಕೆಯಾಗಿ ಕೊಟ್ಟವರೂ ಅವರೇ. 1912ರ ಏಪ್ರಿಲ್ 25ರಂದು ಹೊಸ ಗೋಪುರ ಉದ್ಘಾಟನೆಯಾಯಿತು.

ವೆನಿಸಿನಲ್ಲಿ ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ಎಲ್ಲ ಕಡೆಯೂ ಹಾಗಾಗಲಿಲ್ಲ. ಅದೇ ದೇಶದ ಪಾವಿಯಾ ನಗರದಲ್ಲಿ ಪ್ರಧಾನಾಲಯದ ಪಕ್ಕದಲ್ಲಿದ್ದ ಪುರಾತನ ಇಟ್ಟಿಗೆ ಗೋಪುರ 1989ರ ಮಾರ್ಚ್ 17ರ ಬೆಳಿಗ್ಗೆ ಯಾವ ಸೂಚನೆಯನ್ನೂ ಕೊಡದೆ ಕುಸಿದು ನಾಲ್ವರು ಸತ್ತರು. ಅಂದು ಭೂಕಂಪವಾಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ಅದರ ಗೋಡೆಯ ಎರಡು ಹೊರಪದರಗಳು ಮಾತ್ರ ಇಟ್ಟಿಗೆಯವು. ನಡುವೆ ತುಂಬಿದ್ದದ್ದು ಕಲ್ಲುಚೂರು, ಇಟ್ಟಿಗೆಚೂರು, ಗಾರೆ. ಶತಮಾನಗಳ ಭಾರವನ್ನು ಹೊತ್ತು ಆ ಒಡಲು ವರ್ಷವರ್ಷವೂ ಅತ್ಯಲ್ಪವಾಗಿ ಕುಗ್ಗುತ್ತ, ಒಳಗೊಳಗೇ ಸೀಳುತ್ತ ಬಂದಿತ್ತೆಂದು ಸಂಶೋಧಕರು ಆಮೇಲೆ ಕಂಡುಕೊಂಡರು. ಈ ದುರಂತದ ಎಚ್ಚರಿಕೆಯಿಂದಲೇ 1990ರ ಜನವರಿಯಲ್ಲಿ ಪೀಸಾದ ವಾಲುಗೋಪುರವನ್ನೂ ಸಾರ್ವಜನಿಕರಿಗೆ ಮುಚ್ಚಲಾಯಿತು. ಬಲಪಡಿಸಿ ಮತ್ತೆ ತೆರೆದದ್ದು 2001ರಲ್ಲಿ.

ಉಪ್ಪು ಮತ್ತು ಸಿಮೆಂಟು

ಗೋಪುರಗಳ ಪತನ ಒಂದು ದಿನದ ಸುದ್ದಿ. ವೆನಿಸಿನ ಸಾಮಾನ್ಯ ಮನೆ, ದೇವಾಲಯಗಳ ಗೋಡೆಗಳು ಅನುಭವಿಸುವುದು ದಿನದಿನದ ಸವೆತ. ಆ ನಗರವನ್ನು ಕಟ್ಟಿದವರು ಕೆಸರಿನಲ್ಲಿ ಮರದ ಗೂಟಗಳನ್ನು ನೆಟ್ಟು, ಅವುಗಳ ಮೇಲೆ ನೀರು ಹೀರದ ಇಸ್ತ್ರಿಯಾದ ಬಿಳಿಗಲ್ಲನ್ನು ಹಾಸಿ, ಅದರ ಮೇಲೆ ಇಟ್ಟಿಗೆಯ ಗೋಡೆ ಎಬ್ಬಿಸಿದರು. ನೀರು ಕಲ್ಲನ್ನು ದಾಟಿ ಇಟ್ಟಿಗೆಯನ್ನು ಮುಟ್ಟಬಾರದೆಂಬುದು ಅವರ ಲೆಕ್ಕ. ಆದರೆ ನೆಲ ಕುಸಿದು, ಕಡಲು ಏರಿ, ಕಳೆದ ಶತಮಾನವೊಂದರಲ್ಲೇ ನೀರಿನ ಮಟ್ಟ ಸುಮಾರು 23 ಸೆಂಟಿಮೀಟರ್ ಮೇಲೆ ಬಂದಿತು. 1966ರ ನವೆಂಬರ್ 4ರ ಪ್ರವಾಹ 194 ಸೆಂಟಿಮೀಟರ್, 2019ರ ನವೆಂಬರ್ 12ರ ಪ್ರವಾಹ 187 ಸೆಂಟಿಮೀಟರ್ ಮುಟ್ಟಿತು. 2020ರ ಅಕ್ಟೋಬರಿನಿಂದ ಸಮುದ್ರದ ಬಾಗಿಲಲ್ಲಿ ಏಳುವ ತಡೆಗಳು ದೊಡ್ಡ ಭರತಗಳನ್ನು ತಡೆಯುತ್ತಿವೆ. ಆದರೆ ಗೋಡೆಯೊಳಗೆ ಈಗಾಗಲೇ ಸೇರಿದ ಉಪ್ಪು ಅಲ್ಲಿಯೇ ಇದೆ.

ಉಪ್ಪು ಗೋಡೆಯನ್ನು ತಿನ್ನುವ ಬಗೆಯನ್ನು ನೀವು ನಮ್ಮ ಊರುಗಳಲ್ಲಿಯೂ ನೋಡಿರುತ್ತೀರಿ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಇಟ್ಟಿಗೆ ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ನೀರು ಗೋಡೆಯ ಮೈಯಿಂದ ಆವಿಯಾಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಹರಳುಗಟ್ಟಿ ಉಳಿಯುತ್ತದೆ. ಹರಳು ಬೆಳೆದಂತೆ ಸೂಕ್ಷ್ಮ ರಂಧ್ರಗಳನ್ನು ಒಡೆಯುತ್ತದೆ. ಹಳೆಯ ಗೋಡೆಗಳಲ್ಲಿ ನೀರು ಸುಲಭವಾಗಿ ಹೊರಬರುವ ದಾರಿ ಮೆದುವಾದ ಸುಣ್ಣದ ಸಂದು. ಆದ್ದರಿಂದ ಉಪ್ಪಿನ ಪೆಟ್ಟನ್ನು ತಿನ್ನುವುದೂ ಸಂದೇ. ವರ್ಷಗಳು ಕಳೆದಂತೆ ಗಾರೆ ಪುಡಿಯಾಗಿ ಉದುರುತ್ತದೆ, ಇಟ್ಟಿಗೆ ಉಳಿಯುತ್ತದೆ. ಉದುರಿದ ಸಂದನ್ನು ಕೆಲವು ದಶಕಗಳಿಗೊಮ್ಮೆ ಮತ್ತೆ ತುಂಬಬಹುದು. ಒಡೆದ ಇಟ್ಟಿಗೆಗೆ ಅಂಥ ಮದ್ದಿಲ್ಲ. ಹಳಬರು ಗಾರೆಯನ್ನು ಇಟ್ಟಿಗೆಗಿಂತ ಮೆದುವಾಗಿ ಇಟ್ಟದ್ದು ಎಷ್ಟು ಉಪಕಾರಕ ಎಂಬುದು ಇಲ್ಲಿ ತಿಳಿಯುತ್ತದೆ. ಸವೆಯುವುದೇ ಅದರ ಸೇವೆ.

ಈ ವ್ಯವಸ್ಥೆ ಕೆಟ್ಟದ್ದು ಹೇಗೆ? 1756ರಿಂದ 1759ರ ವರೆಗೆ ಇಂಗ್ಲೆಂಡಿನ ಎಡಿಸ್ಟೋನ್ ದೀಪಸ್ತಂಭವನ್ನು ಕಟ್ಟಿದ ಜಾನ್ ಸ್ಮೀಟನ್, ಜೇಡಿಯ ಅಂಶವಿರುವ ಸುಣ್ಣಕಲ್ಲಿನಿಂದ ನೀರಿಗೂ ಅಂಜದ ಸುಣ್ಣ ಸಿಗುತ್ತದೆಂದು ಕಂಡುಕೊಂಡ. ಆ ದಾರಿಯಲ್ಲಿ ಹಲವರು ಮುಂದುವರಿದರು. 1824ರಲ್ಲಿ ಲೀಡ್ಸ್ ನಗರದ ಗಾರೆಕೆಲಸಗಾರ ಜೋಸೆಫ್ ಆಸ್ಪ್‌ಡಿನ್ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಭಾರತದಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟು ತಯಾರಿಸತೊಡಗಿತು. ವರ್ಷಗಟ್ಟಲೆ ಕಾಯಬೇಕಿದ್ದ ಗಟ್ಟಿತನ ತಿಂಗಳೊಳಗೆ ಸಿಗುವಂತಾಯಿತು. ಸೇತುವೆ, ಆಸ್ಪತ್ರೆ, ಬಡವರ ಮನೆಗಳನ್ನು ಕಟ್ಟಲು ಅದು ಮಾಡಿದ ಉಪಕಾರ ಅಪಾರ. ಅದನ್ನು ಹಳಿಯುವ ಉದ್ದೇಶ ಈ ಲೇಖನಕ್ಕಿಲ್ಲ.

ತೊಂದರೆ ಬಂದದ್ದು ಅದನ್ನು ಹಳೆಯ ಗೋಡೆಗೆ ಮೆತ್ತಿದಾಗ. ಸಿಮೆಂಟಿನ ಸಂದು ಗಡುಸು, ದಟ್ಟ; ನೀರನ್ನು ಸುಲಭವಾಗಿ ಬಿಡುವುದಿಲ್ಲ. ಗೋಡೆಯೊಳಗಿನ ತೇವ ಈಗ ಇಟ್ಟಿಗೆಯ ಮೂಲಕವೇ ಹೊರಬರಬೇಕು. ಉಪ್ಪು ಇಟ್ಟಿಗೆಯಲ್ಲಿ ಹರಳುಗಟ್ಟುತ್ತದೆ. ಆವಿಗೆಯ ಬೆಂಕಿಯಲ್ಲಿ ಗಟ್ಟಿಯಾದ ಅದರ ಹೊರಮೈ ಚಕ್ಕೆಚಕ್ಕೆಯಾಗಿ ಹಾರುತ್ತದೆ. ಒಳಗಿನ ಮೆದುಭಾಗ ಕರಗುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಜೇನುಗೂಡಿನಂತೆ ನಿಂತು, ಇಟ್ಟಿಗೆಗಳಿದ್ದಲ್ಲಿ ಕುಳಿಗಳು ಉಳಿಯುತ್ತವೆ. ಗೋಡೆಯ ಬುಡಕ್ಕೆ ಸಿಮೆಂಟಿನ ಗಿಲಾವು ಮಾಡಿದರೆ ತೇವ ಮಾಯವಾಗುವುದಿಲ್ಲ, ಇನ್ನೂ ಮೇಲಕ್ಕೇರಿ ಗಿಲಾವಿನ ಅಂಚಿನ ಮೇಲೆ ಕಾಣಿಸಿಕೊಳ್ಳುತ್ತದೆ. ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗುವಾಗಲೂ ಸುಣ್ಣ ಸ್ವಲ್ಪ ಮಣಿಯುತ್ತದೆ. ಸಿಮೆಂಟು ಮಣಿಯದೆ ತಾನೂ ಬಿರಿದು ಇಟ್ಟಿಗೆಯ ಅಂಚನ್ನೂ ಒಡೆಯುತ್ತದೆ.

ಇದನ್ನು ತಜ್ಞರೂ ಒಮ್ಮೆಗೇ ಅರಿಯಲಿಲ್ಲ. 1877ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು, ‘ಜೀರ್ಣೋದ್ಧಾರ’ದ ಹೆಸರಿನಲ್ಲಿ ದೇವಾಲಯಗಳ ಹಳೆಯ ಮೈಯನ್ನು ಕಿತ್ತುಹಾಕುವುದನ್ನು ವಿರೋಧಿಸಲು. ಆದರೆ 1931ರ ಅಥೆನ್ಸ್ ಸನದು ಸ್ಮಾರಕಗಳ ಬಲವರ್ಧನೆಗೆ ಉಕ್ಕುಗೂಡಿದ ಕಾಂಕ್ರೀಟನ್ನು ವಿವೇಚನೆಯಿಂದ ಬಳಸಲು ಒಪ್ಪಿಗೆ ನೀಡಿತು. 1964ರಲ್ಲಿ ಮತ್ತೆ ತಜ್ಞರು ಸಭೆ ಸೇರಿದ್ದು ವೆನಿಸಿನಲ್ಲಿಯೇ. ಅಲ್ಲಿ ಹೊರಬಂದ ಸನದು, ಸಾಂಪ್ರದಾಯಿಕ ವಿಧಾನ ಸಾಲದೆಂದು ಕಂಡಾಗ ಮಾತ್ರ, ಅನುಭವದಿಂದ ಪರಿಣಾಮ ಖಚಿತವಾದ ಆಧುನಿಕ ವಿಧಾನಕ್ಕೆ ಹೋಗಬೇಕೆಂದಿತು. ಮೂವತ್ತಮೂರು ವರ್ಷಗಳ ನಡುವೆ ಬಂದ ಈ ಎಚ್ಚರಿಕೆಯ ಬೆಲೆಯನ್ನು ಅನೇಕ ಗೋಡೆಗಳು ತೆತ್ತಿವೆ.

ಬಿಚ್ಚಿ ಹೊಲಿಯುವ ಕೆಲಸ

ಹಾಗಾದರೆ ಸರಿಯಾದ ರಿಪೇರಿ ಯಾವುದು? ಮೊದಲು ನೀರಿನ ಮೂಲವನ್ನು ಹುಡುಕಬೇಕು. ಒಡೆದ ಹೆಂಚು, ತುಂಬಿದ ದೋಣಿ, ಗೋಡೆಯ ಬುಡದಲ್ಲಿ ನಿಲ್ಲುವ ಮಳೆನೀರು, ಸಂದಿನಲ್ಲಿ ಬೇರೂರಿದ ಅರಳಿಯ ಸಸಿ - ಇವುಗಳನ್ನು ಸರಿಪಡಿಸದೆ ಸಂದು ತುಂಬಿದರೆ ಹಣ ನೀರುಪಾಲು. ಆಮೇಲೆ, ಸಡಿಲವಾದ ಗಾರೆಯನ್ನು ಮಾತ್ರ ಕೈಯುಳಿಯಿಂದ ಕೆದಕಿ ತೆಗೆಯಬೇಕು. ತಿರುಗುವ ಯಂತ್ರದ ಅಲಗು ಇಟ್ಟಿಗೆಯ ಅಂಚನ್ನು ಕತ್ತರಿಸಿಬಿಡುತ್ತದೆ. ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಕೆದಕಿ, ಧೂಳು ತೆಗೆದು, ನೀರು ಚಿಮುಕಿಸಬೇಕು. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಅಥವಾ ಮೂರು ಪಾಲು ಮರಳು ಸಾಮಾನ್ಯವಾದ ಅಳತೆಯಾದರೂ, ಹಳೆಯ ಗಾರೆಯನ್ನು ಪರೀಕ್ಷಿಸಿ ಅದಕ್ಕೆ ಹೊಂದುವಂತೆ ಮಾಡುವುದು ಉತ್ತಮ. ಪದರ ಪದರವಾಗಿ ಒತ್ತಿ ತುಂಬಿ, ಒದ್ದೆ ಗೋಣಿತಟ್ಟು ಇಳಿಬಿಟ್ಟು, ಬಿಸಿಲಿಗೆ ಒಮ್ಮೆಲೇ ಒಣಗದಂತೆ ದಿನಗಟ್ಟಲೆ ಕಾಯಬೇಕು.

ಇಟ್ಟಿಗೆಯೇ ಹಾಳಾಗಿದ್ದರೆ ಇಟಲಿಯ ಕೆಲಸಗಾರರು ಒಂದು ಉಪಾಯ ಮಾಡುತ್ತಾರೆ. ಅದರ ಹೆಸರಿನ ಅರ್ಥ ‘ಬಿಚ್ಚು, ಹೊಲಿ’ ಎಂದು. ಗೋಡೆಯನ್ನು ಕೆಡವದೆ, ಕೊಳೆತ ಇಟ್ಟಿಗೆಗಳನ್ನು ಒಂದೆರಡರಂತೆ ಬಿಡಿಸಿ, ಆ ಜಾಗದಲ್ಲಿ ಹೊಸದನ್ನು ಸುಣ್ಣದಲ್ಲಿ ಕೂರಿಸಿ, ಅದು ಭಾರ ಹೊತ್ತ ಮೇಲೆ ಪಕ್ಕದ್ದಕ್ಕೆ ಕೈಹಾಕುತ್ತಾರೆ. ಹಳೆಯ ಕೌದಿಗೆ ತೇಪೆ ಹಾಕುವ ನಮ್ಮ ಅಜ್ಜಿಯರಿಗೆ ಈ ವಿದ್ಯೆಯನ್ನು ವಿವರಿಸಬೇಕಿಲ್ಲ.

ಯಾಜಕಕಾಂಡದ ಹದಿನಾಲ್ಕನೆಯ ಅಧ್ಯಾಯವನ್ನು ನಾವು ಓದುವುದು ಅಪರೂಪ. ಅಲ್ಲಿ ಮನೆಯ ಗೋಡೆಗೆ ಹಸಿರು ಅಥವಾ ಕೆಂಪು ಮಚ್ಚೆ ಬಿದ್ದಾಗ ಮಾಡಬೇಕಾದ ಕ್ರಮವಿದೆ. ಯಾಜಕನು ಬಂದು ನೋಡಬೇಕು. ಮನೆಯನ್ನು ಏಳು ದಿನ ಮುಚ್ಚಿ ಮತ್ತೆ ಬಂದು ನೋಡಬೇಕು. ಮಚ್ಚೆ ಹರಡಿದ್ದರೆ ಕೆಟ್ಟ ಕಲ್ಲುಗಳನ್ನಷ್ಟೇ ತೆಗೆಸಿ, ಗೋಡೆ ಕೆರೆಸಿ, ಬೇರೆ ಕಲ್ಲು ಇಟ್ಟು ಬೇರೆ ಗಾರೆ ಬಳಿಸಬೇಕು. ಅದಾದ ಮೇಲೂ ಮರುಕಳಿಸಿದರೆ ಮಾತ್ರ ಕೆಡವುವ ಮಾತು. ಆ ನಿಯಮದ ಧಾರ್ಮಿಕ ಅರ್ಥ ಬೇರೆಯಿದೆ. ಆದರೂ ನೋಡುವುದು, ಕಾಯುವುದು, ಕೆಟ್ಟದ್ದನ್ನಷ್ಟೇ ತೆಗೆಯುವುದು ಎಂಬ ಅದರ ಸರದಿಯನ್ನು ಇಂದಿನ ಕಟ್ಟಡ ಸಂರಕ್ಷಕನೂ ಒಪ್ಪುತ್ತಾನೆ.

ನಮ್ಮ ಗೋಡೆಗಳ ಮುಂದೆ

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದಲ್ಲಿ ಹಳೆಯ ದೇವಾಲಯವಿದ್ದರೆ ಅದನ್ನು ಕಟ್ಟಲು ಕಲ್ಲು ಹೊತ್ತವರು, ಸುಣ್ಣ ಅರೆಸಿದವರು, ಒಂದು ಹಿಡಿ ಅಕ್ಕಿಯನ್ನು ಮಾರಿ ಕಾಣಿಕೆ ಕೊಟ್ಟವರು ನಿಮ್ಮ ಮುತ್ತಜ್ಜ ಮುತ್ತಜ್ಜಿಯರ ನೆರೆಹೊರೆಯವರೇ ಆಗಿದ್ದಿರಬೇಕು. ಅವರ ಹೆಸರುಗಳು ಯಾವ ಫಲಕದಲ್ಲಿಯೂ ಇಲ್ಲದಿರಬಹುದು. ಅವರ ಕೈಯ ಗುರುತು ಉಳಿದಿರುವುದು ಆ ಸಂದುಗಳಲ್ಲಿ. ಅದನ್ನು ಅಗೆದು ಸಿಮೆಂಟು ತುಂಬಲು ಒಂದು ವಾರ ಸಾಕು. ಮತ್ತೆ ಬಿಡಿಸಹೋದರೆ ಇಟ್ಟಿಗೆಯೂ ಕಿತ್ತುಬರುತ್ತದೆ.

ಆದ್ದರಿಂದ ಮುಂದಿನ ಬಾರಿ ಪಾಲನಾ ಸಮಿತಿಯ ಸಭೆಯಲ್ಲಿ ರಿಪೇರಿಯ ಮಾತು ಬಂದಾಗ ನೀವು ಎರಡು ಪ್ರಶ್ನೆಗಳನ್ನು ಕೇಳಿರಿ. ಈ ಗೋಡೆಯನ್ನು ಯಾವ ಗಾರೆಯಲ್ಲಿ ಕಟ್ಟಿದ್ದಾರೆ? ಇದರೊಳಗೆ ನೀರು ಬರುತ್ತಿರುವುದು ಎಲ್ಲಿಂದ? ಉತ್ತರ ತಿಳಿಯುವವರೆಗೆ ಗುತ್ತಿಗೆದಾರನನ್ನು ಕರೆಯುವುದು ಬೇಡ. ಗೋಡೆ ವಾಲಿದ್ದರೆ, ಬಿರುಕು ಬೆಳೆಯುತ್ತಿದ್ದರೆ, ಒಂದು ದಿನವೂ ತಡಮಾಡದೆ ಜನರನ್ನು ದೂರವಿರಿಸಿ ಹಳೆಯ ಕಟ್ಟಡಗಳನ್ನು ಬಲ್ಲ ಎಂಜಿನಿಯರನ್ನು ಕರೆಯಿರಿ. ವೆನಿಸಿನಲ್ಲಿ ಚೌಕವನ್ನು ತೆರವುಗೊಳಿಸಿದ್ದರಿಂದ ಜನ ಬದುಕಿದರೆಂಬುದನ್ನು ನೆನೆಯಿರಿ. ಊರಿನಲ್ಲಿ ಸುಣ್ಣದ ಕೆಲಸ ಬಲ್ಲ ಹಿರಿಯರೊಬ್ಬರು ಇನ್ನೂ ಇದ್ದರೆ ಅವರ ಬಳಿ ಇಬ್ಬರು ಯುವಕರನ್ನು ಕಲಿಯಲು ಕಳುಹಿಸಿರಿ. ಈ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಸುತ್ತ ಒಮ್ಮೆ ನಡೆದುಬನ್ನಿ. ಮಾಡಿನ ದೋಣಿಯಲ್ಲಿ ತುಂಬಿದ ಎಲೆಗಳನ್ನು ತೆಗೆಸುವುದು, ಸಂದಿನ ಸಸಿಯನ್ನು ಎಳೆಯದಿರುವಾಗಲೇ ಕೀಳುವುದು, ಇವಕ್ಕೆ ಹೆಚ್ಚು ಹಣ ಬೇಡ. ಅಷ್ಟನ್ನು ಪ್ರತಿ ವರ್ಷ ಮಾಡಿದರೆ ದೊಡ್ಡ ರಿಪೇರಿಯ ಚಂದಾಪಟ್ಟಿ ನಿಮ್ಮ ಮನೆಬಾಗಿಲಿಗೆ ಬರುವುದು ಬಹಳ ತಡವಾಗುತ್ತದೆ.